ಹೆಸರಿಲ್ಲದ ವಂತಿಗೆ

ಮೂಡಬಿದಿರೆಯ ಬಸದಿಗಳ ದಾನಶಾಸನಗಳಲ್ಲಿ ಕೊಟ್ಟವರಾರು, ಕೊಟ್ಟುದೇನು, ಯಾವ ಕಾರ್ಯಕ್ಕೆಂಬುದನ್ನು ನಮ್ಮ ಹಿರಿಯರು ಕಲ್ಲಿನಲ್ಲಿಯೇ ಕೊರೆಯಿಸಿದ್ದಾರೆ. ಇಂದಿಗೂ ಬಂಟ್ವಾಳ, ಬೆಳ್ತಂಗಡಿಗಳ ಕಡೆ ದೇವಸ್ಥಾನದ ಬ್ರಹ್ಮಕಲಶವಾದರೆ ವಂತಿಗೆದಾರರ ಹೆಸರೂ ಮೊತ್ತವೂ ಹಲಗೆಯ ಮೇಲೇರುತ್ತವೆ. ನೂರು ರೂಪಾಯಿ ಕೊಟ್ಟವನೂ ರಶೀದಿಯನ್ನು ಕೇಳಿ ಪಡೆಯುತ್ತಾನೆ. ದೇವರ ಕಾರ್ಯಕ್ಕೆ ಇಷ್ಟು ಲೆಕ್ಕವಿಡುವ ನಾಡಿನಲ್ಲಿ, ರಾಜ್ಯವನ್ನಾಳುವವರ ಚುನಾವಣೆಗೆ ಹರಿದ ಹಣವು ಆರು ವರ್ಷ ಹೆಸರಿಲ್ಲದೆ ನಡೆಯಿತೆಂಬುದು ಮಹಾಜನರು ಚಿಂತಿಸತಕ್ಕ ವಿಷಯವಾಗಿದೆ.

2018ರ ಜನವರಿಯಲ್ಲಿ ಜಾರಿಗೆ ಬಂದ ಚುನಾವಣಾ ಬಾಂಡುಗಳನ್ನು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಕೊಂಡು ಯಾವ ಕಂಪೆನಿಯಾದರೂ ತನಗೆ ಬೇಕಾದ ಪಕ್ಷಕ್ಕೆ ಕೊಡಬಹುದಾಗಿತ್ತು. ಕೊಂಡವರು ಯಾರೆಂದು ಸರಕಾರದ ಒಡೆತನದ ಬ್ಯಾಂಕಿಗೆ ಗೊತ್ತಿತ್ತು, ಮತದಾರನಿಗೆ ಗೊತ್ತಿರಲಿಲ್ಲ. ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡಾ 7.5ನ್ನು ಮೀರಬಾರದೆಂದು ಕಂಪೆನಿಗಳಿಗಿದ್ದ ಕಟ್ಟನ್ನೂ 2017ರಲ್ಲಿಯೇ ಬಿಚ್ಚಲಾಗಿತ್ತು. 2024ರ ಫೆಬ್ರವರಿ 15ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳು ಏಕಮತದಿಂದ ಈ ಯೋಜನೆಯನ್ನೂ ಆ ತಿದ್ದುಪಡಿಯನ್ನೂ ಸಂವಿಧಾನಬಾಹಿರವೆಂದು ತಳ್ಳಿಹಾಕಿದರು.

ಆ ಬಳಿಕ ಹೊರಬಂದ ಲೆಕ್ಕದಲ್ಲಿ ಭಾರತೀಯ ಜನತಾ ಪಕ್ಷಕ್ಕೆ 6,000 ಕೋಟಿ, ತೃಣಮೂಲ ಕಾಂಗ್ರೆಸಿಗೆ 1,600 ಕೋಟಿ, ಕಾಂಗ್ರೆಸಿಗೆ 1,400 ಕೋಟಿ ರೂಪಾಯಿಗಳಿಗೆ ಮೇಲ್ಪಟ್ಟ ಹಣ ಸಂದಿದ್ದಿತು. ನಮ್ಮ ರಾಜ್ಯದ ಜಾತ್ಯತೀತ ಜನತಾದಳಕ್ಕೆ ಬಂದುದು 89.75 ಕೋಟಿ, ಅದರಲ್ಲಿ 50 ಕೋಟಿಯು ಸರಕಾರಿ ಕಾಮಗಾರಿಗಳ ಗುತ್ತಿಗೆ ಹಿಡಿಯುವ ಹೈದರಾಬಾದಿನ ಮೇಘಾ ಎಂಜಿನಿಯರಿಂಗ್ ಕಂಪೆನಿಯದು. ಹಣ ಕೊಟ್ಟ ಮಾತ್ರಕ್ಕೆ ಅಪರಾಧ ನಡೆಯಿತೆಂದು ನಾವು ಹೇಳುವುದಿಲ್ಲ. ಆದರೆ ಹಂಗೆಂಬುದು ಕಾಗದದ ಮೇಲೆ ಬರೆಯದೆ ಹೋದರೂ ಹಂಗೇ. ಗುತ್ತಿಗೆ ಬೇಡುವವನಿಂದ ಕೋಟಿಗಟ್ಟಲೆ ಪಡೆದ ಪಕ್ಷವು ಆ ಗುತ್ತಿಗೆಯ ಕಡತವನ್ನು ತೆರೆಯುವಾಗ ದಾಕ್ಷಿಣ್ಯಕ್ಕೆ ಸಿಲುಕದೆ ಇರುವುದೆಂದು ನಂಬಲು ಬಹಳ ಭೋಳೆತನ ಬೇಕು.

ಇದು ಹೊಸ ಎಚ್ಚರಿಕೆಯಲ್ಲ. ಟಾಟಾ ಉಕ್ಕಿನ ಕಂಪೆನಿಯ ಮೊಕದ್ದಮೆಯಲ್ಲಿ 1957ರಲ್ಲಿಯೇ ಮುಂಬಯಿ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿ ಛಾಗ್ಲಾ ಅವರು, ಇಂತಹ ವಂತಿಗೆಯಿಂದ ಪ್ರಜಾಪ್ರಭುತ್ವಕ್ಕೆ ಒದಗಬಹುದಾದ ಅಪಾಯವನ್ನು ತೋರಿಸಿಕೊಟ್ಟಿದ್ದರು. 1969ರಲ್ಲಿ ಸಂಸತ್ತು ಕಂಪೆನಿಗಳ ವಂತಿಗೆಯನ್ನು ನಿಷೇಧಿಸಿತು. 1985ರಲ್ಲಿ ಮತ್ತೆ ಬಾಗಿಲು ತೆರೆಯಿತು.

ಹೆಸರು ಬಯಲಾದರೆ ಸೋತ ಪಕ್ಷಕ್ಕೆ ಕೊಟ್ಟವರನ್ನು ಗೆದ್ದವರು ಪೀಡಿಸುವರೆಂಬ ವಾದವೊಂದುಂಟು. ಆ ಭಯವು ನಿಜವಾದರೆ, ವಂತಿಗೆಯನ್ನು ನೋಡಿ ಅಧಿಕಾರ ನಡೆಯಿಸುವವರಿದ್ದಾರೆಂದು ವಾದಿಸುವವರೇ ಒಪ್ಪಿಕೊಂಡಂತಾಯಿತು. ಅದಕ್ಕೆ ಮದ್ದು ಕತ್ತಲೆಯಲ್ಲ.

ಬಾಂಡು ಹೋಯಿತು, ಹಂಗು ಹೋಗಲಿಲ್ಲ. ನೇರವಾಗಿಯೂ ಚುನಾವಣಾ ಟ್ರಸ್ಟುಗಳ ಮೂಲಕವೂ ಕಂಪೆನಿಗಳು ಕೊಡುತ್ತಲೇ ಇವೆ. ಷೇರುದಾರರನ್ನು ಕೇಳಬೇಕಾದುದಿಲ್ಲ, ನಿರ್ದೇಶಕರ ಮಂಡಲಿಯ ನಿರ್ಣಯವೊಂದು ಸಾಕು. 20,000 ರೂಪಾಯಿಗಳ ವರೆಗಿನ ವಂತಿಗೆಗೆ ಪಕ್ಷವು ಕೊಟ್ಟವರ ಹೆಸರನ್ನು ಆಯೋಗಕ್ಕೆ ತಿಳಿಸಬೇಕಾಗಿಲ್ಲ. 2023ರ ವಿಧಾನಸಭಾ ಚುನಾವಣೆಯಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಅಭ್ಯರ್ಥಿಗಳಿಗೆ ತಲಾ 40 ಲಕ್ಷ ರೂಪಾಯಿಗಳ ವೆಚ್ಚದ ಮಿತಿಯಿದ್ದಿತು. ಅವರನ್ನು ನಿಲ್ಲಿಸಿದ ಪಕ್ಷಗಳ ವೆಚ್ಚಕ್ಕೆ ಮಿತಿಯೇ ಇರಲಿಲ್ಲ. ಕೆರೆಯ ತೂಬಿಗೆ ಬೀಗ ಹಾಕಿ ಏರಿಯನ್ನು ಕಡಿದಿಟ್ಟಂತಾಯಿತು.

ಆದುದರಿಂದ ನಮ್ಮ ಬೇಡಿಕೆ ಮೂರು. ಕಂಪೆನಿಗಳ ವಂತಿಗೆಯು ಷೇರುದಾರರ ಒಪ್ಪಿಗೆಯಿಂದಲೇ ಸಲ್ಲಲಿ. ಪಕ್ಷಗಳ ವೆಚ್ಚಕ್ಕೂ ಮಿತಿ ಬರಲಿ. ಕೊಟ್ಟವರ ಹೆಸರು ಮತದಾನಕ್ಕೆ ಮುಂಚೆಯೇ ಪ್ರಕಟವಾಗಲಿ. ವರ್ಷ ಕಳೆದು ಬರುವ ಲೆಕ್ಕಪತ್ರವು ಮತ ಹಾಕಿ ಮನೆಗೆ ಹೋದವನಿಗೆ ಯಾವ ಉಪಯೋಗಕ್ಕೂ ಬಾರದು. ಶಾಸನವಾಗುವ ವರೆಗೆ ಕೈ ಕಟ್ಟಿ ಕುಳಿತಿರಬೇಕಾದುದೂ ಇಲ್ಲ. ಮುಂದಿನ ಚುನಾವಣೆಯಲ್ಲಿ ಅಭ್ಯರ್ಥಿಗಳು ಕೈಮುಗಿದು ನಮ್ಮ ಜಗಲಿಗೆ ಬಂದಾಗ, ರಸ್ತೆ ಸೇತುವೆಗಳ ಮಾತಿಗೆ ಮುಂಚೆ ವಾಚಕರು ಒಂದು ಮಾತನ್ನು ಕೇಳಲಿ: ನಿಮ್ಮ ಪಕ್ಷಕ್ಕೆ ಹಣ ಕೊಟ್ಟವರಾರು?