ಇಪ್ಪತ್ತೈದಕ್ಕೆ ಎಷ್ಟು?

2021ರ ಬೇಸಗೆಯಲ್ಲಿ, ಕೋವಿಡ್ ಪಿಡುಗಿನ ಎರಡನೆಯ ಅಲೆಯು ನಾಡನ್ನು ತಲ್ಲಣಗೊಳಿಸಿದ್ದಾಗ, ನಮ್ಮ ಪಟ್ಟಣಿಗರು ಒಬ್ಬರನ್ನೊಬ್ಬರು ಕೇಳುತ್ತಿದ್ದ ಪ್ರಶ್ನೆಯಿದು. ಇವು ಶಾಲೆಯ ಪರೀಕ್ಷೆಯ ಅಂಕಗಳಲ್ಲ, ಎದೆಯ ಸಿ.ಟಿ. ಚಿತ್ರದಿಂದ ಎಣಿಸಿದ ರೋಗತೀವ್ರತೆಯ ಅಂಕಗಳು. 6 ಬಂದವನು ನಿಟ್ಟುಸಿರುಬಿಟ್ಟನು. 16 ಬಂದವನ ಮನೆಯಲ್ಲಿ ಅಳುವೆದ್ದಿತು. ಆ ಸಂಖ್ಯೆಯ ಮೇಲೆ ಅದು ಹೊರಲಾರದ ಭಾರವನ್ನು ಹೊರಿಸಲಾಯಿತೆಂದು ನಮ್ಮ ಅಭಿಪ್ರಾಯ.

ಅಂಕವು ಹುಟ್ಟುವ ಬಗೆ ಸರಳವಾದುದು. ಬಲ ಶ್ವಾಸಕೋಶದಲ್ಲಿ ಮೂರು, ಎಡದಲ್ಲಿ ಎರಡು, ಹೀಗೆ ಮನುಷ್ಯನಿಗೆ ಐದು ಹಾಲೆಗಳು. ಮಸುಕು ಗಾಜಿನಂತಹ ಛಾಯೆಯು ಪ್ರತಿಯೊಂದರಲ್ಲಿ ಎಷ್ಟು ಪಾಲನ್ನು ಆವರಿಸಿದೆಯೆಂಬುದನ್ನು ವೈದ್ಯನು ಕಣ್ಣಂದಾಜಿನಿಂದ ನೋಡಿ, ಸೊನ್ನೆಯಿಂದ 5ರ ವರೆಗೆ ಅಂಕವಿಡುವನು. ಛಾಯೆಯು ನೂರಕ್ಕೆ 5ಕ್ಕಿಂತ ಕಡಮೆಯಾದರೆ 1, 75ನ್ನು ಮೀರಿದರೆ 5. ಐದು ಹಾಲೆಗಳನ್ನೂ ಕೂಡಿಸಿದರೆ ಗರಿಷ್ಠವು 25. ಗರಿಷ್ಠವನ್ನು 40 ಎಂದಿಡುವ ಇನ್ನೊಂದು ಪದ್ಧತಿಯೂ ಉಂಟು. ಎಷ್ಟಕ್ಕೆಂದು ಕೇಳದೆಯೆ ಹೆದರಿದವರು ಎಷ್ಟು ಮಂದಿಯೊ!

ಸಿ.ಟಿ.ಯ ಉಪಯೋಗವನ್ನು ನಾವು ಅಲ್ಲಗಳೆಯುವುದಿಲ್ಲ. 2020ರ ಫೆಬ್ರವರಿಯಲ್ಲಿ ಚೀನದ ಹೂಬೆ ಪ್ರಾಂತದವರು ಎದೆಯ ಚಿತ್ರವನ್ನು ಆಧರಿಸಿಯೂ ರೋಗಿಗಳನ್ನು ಲೆಕ್ಕಹಿಡಿದಾಗ, ಅಂಥವರು ಒಂದೇ ದಿನದ ಪಟ್ಟಿಗೆ 13,000ಕ್ಕೂ ಮಿಕ್ಕಿ ಸೇರಿದರು. ಆದರೆ ಚಿತ್ರಕ್ಕೂ ಕಾಲವೆಂಬುದುಂಟಷ್ಟೆ. ಲಕ್ಷಣ ತೋರಿದ ಮೊದಲೆರಡು ದಿನಗಳಲ್ಲಿ ಅರ್ಧಕ್ಕರ್ಧ ರೋಗಿಗಳ ಚಿತ್ರವು ನಿರ್ಮಲವಾಗಿರಬಹುದು. ಛಾಯೆಯು ಪರಮಾವಧಿಯನ್ನು ಮುಟ್ಟುವುದು ಸುಮಾರು ಹತ್ತನೆಯ ದಿನಕ್ಕೆ. ಮೊದಲನೆಯ ದಿನವೆ ಓಡಿ ಸೊನ್ನೆಯನ್ನು ತಂದು ನಿಶ್ಚಿಂತನಾದವನು, ಮುಂದಿನ ವಾರ ಉಸಿರು ಸಿಲುಕಿದುದನ್ನು ತಡವಾಗಿ ಅರಿತಾನು.

ಇದಕ್ಕಿಂತಲೂ ಘೋರವಾದುದು ಇನ್ನೊಂದು ಪಕ್ಷ. ರಕ್ತದ ಆಮ್ಲಜನಕವು 97 ಇದ್ದರೂ, 12ರ ಅಂಕಕ್ಕೆ ಬೆದರಿ ಸ್ಟೆರಾಯ್ಡ್ ನುಂಗಹೊರಟವನಿಗೆ ಏನೆನ್ನೋಣ? ಬ್ರಿಟನ್ನಿನ ರಿಕವರಿ ಪ್ರಯೋಗವು 2020ರ ಜೂನಿನಲ್ಲಿಯೆ ಉತ್ತರವಿತ್ತಿತ್ತು: ಡೆಕ್ಸಾಮೆಥಸೋನಿನಿಂದ ಕೃತಕ ಉಸಿರಾಟದಲ್ಲಿದ್ದವರ ಮರಣವು ಸುಮಾರು ಮೂರನೆಯ ಒಂದಂಶ ತಗ್ಗಿತು, ಆಮ್ಲಜನಕ ಬೇಡದವರಿಗೆ ಯಾವ ಲಾಭವೂ ಕಾಣಲಿಲ್ಲ. ಆ ಪ್ರಯೋಗವು ರೋಗಿಗಳನ್ನು ವಿಂಗಡಿಸಿದುದು ಉಸಿರಿನ ಸ್ಥಿತಿಯಿಂದ, ಛಾಯೆಯ ವಿಸ್ತಾರದಿಂದಲ್ಲ. ಅದೇ 2021ರಲ್ಲಿ ಭಾರತದಲ್ಲಿ ಕಪ್ಪು ಶಿಲೀಂಧ್ರಕ್ಕೆ ತುತ್ತಾದವರಲ್ಲಿ ಬಹುಮಂದಿ ಮಧುಮೇಹಿಗಳು, ಸ್ಟೆರಾಯ್ಡ್ ಸೇವಿಸಿದವರು.

ಸೌಮ್ಯ ರೋಗಿಗಳಿಗೆ ಸಿ.ಟಿ. ಬೇಡವೆಂದು ದೆಹಲಿಯ ಏಮ್ಸ್‌ನ ಅಂದಿನ ನಿರ್ದೇಶಕ ಡಾ. ರಣದೀಪ್ ಗುಲೇರಿಯಾ ಅವರು ಆ ಮೇ ತಿಂಗಳಲ್ಲಿ ಬಹಿರಂಗವಾಗಿ ಎಚ್ಚರಿಸಿದರು. ಒಂದು ಸಿ.ಟಿ.ಯು 300-400 ಕ್ಷಕಿರಣ ಚಿತ್ರಗಳಿಗೆ ಸಮವೆಂಬ ಅವರ ಲೆಕ್ಕವನ್ನು ವಿಕಿರಣ ವೈದ್ಯರು ಹಳತೆಂದು ಖಂಡಿಸಿದರು. ಆ ಗದ್ದಲದಲ್ಲಿ ಮೊದಲಿನ ಮಾತು ಅಡಗಿಹೋದುದು ಶೋಚನೀಯ.

ಮುಂದೆ ಇಂತಹ ವ್ಯಾಧಿ ಬಂದಲ್ಲಿ, ವರದಿಯೊಳಗಿನ ಅಂಕದ ಮಗ್ಗುಲಲ್ಲಿಯೆ ರೋಗದ ದಿನವನ್ನೂ ಆ ಹೊತ್ತಿನ ಆಮ್ಲಜನಕದ ಪ್ರಮಾಣವನ್ನೂ ಬರೆಯತಕ್ಕದ್ದೆಂದು ಆರೋಗ್ಯ ಇಲಾಖೆಯು ವಿಧಿಸಬೇಕು. ಇದಕ್ಕೆ ಹೊಸ ಯಂತ್ರ ಬೇಡ. ಎರಡು ಸಾಲು ಶಾಯಿ ಸಾಕು.