ಮನೆಗೆ ಯಾವ ಇಂಟರ್ನೆಟ್ ಸಂಪರ್ಕ?

ಅಡಕೆಯ ಧಾರಣೆ ತಿಳಿಯಲೂ ಮಕ್ಕಳ ಪಾಠಕ್ಕೂ ಇಂದು ಇಂಟರ್ನೆಟ್ ಬೇಕು. ಸಂಪರ್ಕ ಮುಖ್ಯವಾಗಿ ನಾಲ್ಕು ಬಗೆ.

ತಾಮ್ರದ ಟೆಲಿಫೋನ್ ತಂತಿಯಲ್ಲಿ ಎಕ್ಸ್‌ಚೇಂಜು ದೂರವಾದಷ್ಟೂ ವೇಗ ಇಳಿಯುತ್ತದೆ. ಸಿಡಿಲಿನ ಪೆಟ್ಟೂ ಅದರಲ್ಲೇ ಹರಿದುಬರುತ್ತದೆ. ತುಲಾಮಾಸದ ಗುಡುಗಿಗೆ ನಾವು ಎರಡು ಮೋಡೆಮ್ ಕಳೆದುಕೊಂಡೆವು. ಫೈಬರಿನ ಗಾಜಿನೆಳೆಯಲ್ಲಿ ಓಡುವುದು ಬೆಳಕು. ಹಳ್ಳಿಯ ದೂರಕ್ಕೆ ವೇಗ ಕುಗ್ಗದು, ಗಾಜು ವಿದ್ಯುತ್ತನ್ನು ಒಯ್ಯದು. ಮೊಬೈಲ್ ಸಿಮ್ಮಿನ ಪೆಟ್ಟಿಗೆ ತೋಟದ ಪಂಪುಶೆಡ್ಡಿಗೆ ಸಾಕು. ಗುಡ್ಡದ ಮರೆಯಲ್ಲಿ ಸೋಲುತ್ತದೆ. ಉಪಗ್ರಹ ಸಂಪರ್ಕಕ್ಕೆ ಊರಿಗೆ ತಂತಿ ಬರಬೇಕಿಲ್ಲ, ವೆಚ್ಚ ಮಾತ್ರ ಹೆಚ್ಚು.

ಕೇರಳ ಸರ್ಕಾರದ ಫೈಬರ್ ಜಾಲ ಕೆ-ಫೋನ್ 2023ರ ಜೂನ್ 5ರಂದು ಉದ್ಘಾಟನೆಯಾಯಿತು. ಫೈಬರ್ ಬಂದಲ್ಲಿ ಅದೇ ಲೇಸು. ಸೊಸೈಟಿ, ಅಂಗಡಿಗಳವರು ಕೆಲಸ ನಿಲ್ಲದಂತೆ ಜೊತೆಗೊಂದು ಸಿಮ್ ಇಟ್ಟುಕೊಳ್ಳಲಿ. ಆದರೆ ನೆನಪಿರಲಿ: ಕರೆಂಟು ಹೋದರೆ ಫೈಬರಿನ ಪೆಟ್ಟಿಗೆಯೂ ನಿಲ್ಲುತ್ತದೆ, ಮೋಡ ಕಟ್ಟಿದೊಡನೆ ಅದರ ಪ್ಲಗ್ಗನ್ನೂ ಕಳಚಿಡಿ.