ಹಿತ್ತಲ ಕಸದಿಂದಲೇ ಕಾಂಪೋಸ್ಟ್: ಮಾಡೋದು ಹೇಗೆ? ತೆಂಗು ಇರೋರು ಗಮನಿಸಬೇಕಾದ್ದೇನು?

ಬೂಕನಕೆರೆ (ಕೆ.ಆರ್.ಪೇಟೆ): ತರಕಾರಿ ಸಿಪ್ಪೆ ರಸ್ತೆ ಬದಿಗೆ, ತರಗೆಲೆಗೆ ಬೆಂಕಿ, ಸಗಣಿ ತಿಪ್ಪೆಗೆ. ಹೋಬಳಿಯ ಹಳ್ಳಿಗಳಲ್ಲಿ ಇದು ಹೊಸ ನೋಟವೇನಲ್ಲ. ಈ ಮೂರನ್ನೂ ಒಂದೆಡೆ ಸೇರಿಸಿದರೆ ಮೂರು ತಿಂಗಳಲ್ಲಿ ಕೈತೋಟಕ್ಕೆ ಒಳ್ಳೆ ಗೊಬ್ಬರ ಸಿಗುತ್ತದೆ. ಆದರೆ ತೆಂಗು ಇರುವ ಕಡೆ ಗೊಬ್ಬರದ ಗುಂಡಿಯನ್ನು ವರ್ಷಗಟ್ಟಲೆ ಹಾಗೇ ಬಿಟ್ಟರೆ ಮರದ ಸುಳಿಗೇ ಸಂಚಕಾರ.

ಎರಡು ಹಳೇ ವಿಧಾನ

ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎರಡು ವಿಧಾನ. ಒಂದು ಇಂದೋರ್ ಪದ್ಧತಿ. 1924ರಿಂದ 1931ರ ನಡುವೆ ಇಂದೋರ್‌ನಲ್ಲಿ ಕೆಲಸ ಮಾಡಿದ ಆಲ್ಬರ್ಟ್ ಹೋವರ್ಡ್ ಇದನ್ನು ರೂಪಿಸಿದರು. ಇದರಲ್ಲಿ ರಾಶಿಯನ್ನು ಆಗಾಗ ಮಗುಚಿ ಗಾಳಿ ಆಡಿಸುತ್ತಾರೆ. ಇನ್ನೊಂದು ನಮ್ಮದೇ ಬೆಂಗಳೂರು ಪದ್ಧತಿ. 1939ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸಿ.ಎನ್. ಆಚಾರ್ಯ ಇದನ್ನು ಕೊಟ್ಟರು. ಗುಂಡಿ ತುಂಬಿಸಿ ಮಣ್ಣು ಮೆತ್ತಿ ಮುಚ್ಚಿದರೆ ಆಯ್ತು, ಮಗುಚುವ ಕೆಲಸವಿಲ್ಲ. ಆದರೆ ಆರರಿಂದ ಎಂಟು ತಿಂಗಳು ಕಾಯಬೇಕು. ಮನೆ ಹಿತ್ತಲಿಗೆ ಬೇಗ ಆಗುವ ಮೊದಲನೇದೇ ಅನುಕೂಲ.

ಏನು ಹಾಕಬೇಕು?

ಕೊಳೆಸುವ ಕೆಲಸ ಮಾಡೋದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಅವಕ್ಕೆ ಒಣ ಕಸದಿಂದ ಇಂಗಾಲ, ಹಸಿ ಕಸದಿಂದ ಸಾರಜನಕ ಬೇಕು.

* ಒಣದು: ತರಗೆಲೆ, ಕಬ್ಬಿನ ತರಗು, ದನ ತಿಂದು ಬಿಟ್ಟ ಹುಲ್ಲು, ಕತ್ತರಿಸಿದ ತೆಂಗಿನ ಗರಿ.
* ಹಸಿದು: ತರಕಾರಿ-ಹಣ್ಣಿನ ಸಿಪ್ಪೆ, ಕಾಫಿ-ಟೀ ಚರಟ, ಹೊಂಗೆ ಸೊಪ್ಪು, ಹಸಿ ಕಳೆ, ಸಗಣಿ.
* ಬೇಡವೇ ಬೇಡ: ಪ್ಲಾಸ್ಟಿಕ್, ಗಾಜು, ಮಾಂಸ-ಮೂಳೆ, ಎಣ್ಣೆ ಪದಾರ್ಥ, ಹೂ ಬಿಟ್ಟ ಕಾಂಗ್ರೆಸ್ ಗಿಡ.

ಒಂದು ಮಂಕರಿ ಹಸಿ ಕಸಕ್ಕೆ ಎರಡು ಮಂಕರಿ ಒಣ ಕಸ ಎಂದಿಟ್ಟುಕೊಳ್ಳಿ. ದಪ್ಪ ಗರಿ, ಕಡ್ಡಿಗಳನ್ನು ಸಣ್ಣಗೆ ಕತ್ತರಿಸಿದಷ್ಟೂ ಬೇಗ ಕೊಳೆಯುತ್ತವೆ.

ರಾಶಿ ಹಾಕೋದು ಹೀಗೆ

ನೆರಳಿರುವ, ನೀರು ನಿಲ್ಲದ ಜಾಗ ನೋಡಿ. ಉದ್ದ, ಅಗಲ, ಎತ್ತರ ಮೂರೂ ಕನಿಷ್ಠ 3 ಅಡಿ ಇರಲಿ. ಅದಕ್ಕಿಂತ ಚಿಕ್ಕದಾದರೆ ರಾಶಿ ಸರಿಯಾಗಿ ಕಾವೇರುವುದಿಲ್ಲ. ತಳಕ್ಕೆ ತೆಂಗಿನ ಮಟ್ಟೆ ಚೂರು ಹರಡಿ, ಮೇಲೆ ಒಣ ಕಸ, ಅದರ ಮೇಲೆ ಹಸಿ ಕಸ. ಪ್ರತಿ ಪದರಕ್ಕೂ ಸಗಣಿ ಬಗ್ಗಡ ಚಿಮುಕಿಸಿ. ಕೊನೆಗೆ ಒಣ ಹುಲ್ಲು ಮುಚ್ಚಿ.

ತೇವ ಎಷ್ಟಿರಬೇಕು? ಒಂದು ಹಿಡಿ ತೆಗೆದು ಹಿಂಡಿದರೆ ಒಂದೆರಡು ಹನಿ ಬಂದರೆ ಸಾಕು. ಧಾರೆಯಾಗಿ ಸುರಿದರೆ ನೀರು ಜಾಸ್ತಿ ಆಗಿದೆ ಅಂತ ಅರ್ಥ. ಸರಿಯಾಗಿ ಹಾಕಿದ ರಾಶಿಯ ಒಳಗೆ ಕೆಲವೇ ದಿನಗಳಲ್ಲಿ 55ರಿಂದ 65 ಡಿಗ್ರಿ ಶಾಖ ಏರುತ್ತದೆ. ಕಳೆ ಬೀಜ, ರೋಗಾಣುಗಳು ಸಾಯೋದು ಈ ಕಾವಿಗೇ. ಹದಿನೈದು ದಿನಕ್ಕೊಮ್ಮೆ ಹೊರಗಿನದು ಒಳಗೆ ಬರುವಂತೆ ಮಗುಚಿ.

ಕೆಟ್ಟ ವಾಸನೆ ಬಂದರೆ ಗಾಳಿ ಸಾಲದು: ಮಗುಚಿ, ಒಣ ಕಸ ಸೇರಿಸಿ. ತೇವ ಇದ್ದರೂ ಕಾವೇ ಏರದಿದ್ದರೆ ಸಗಣಿ ಅಥವಾ ಹಸಿ ಸೊಪ್ಪು ಸಾಲದು.

ತೆಂಗಿನ ದುಂಬಿ: ಎಚ್ಚರ

ತೆಂಗಿನ ಸುಳಿ ಕೊರೆಯುವ ರೈನೋಸರಸ್ ದುಂಬಿ ಮೊಟ್ಟೆ ಇಡೋದು ಕೊಳೆಯುವ ಗೊಬ್ಬರದಲ್ಲಿ. ದುಂಬಿ ಕೊರೆದ ಸುಳಿ ಅರಳಿದಾಗ ಗರಿ ಕತ್ತರಿಯಲ್ಲಿ ಕತ್ತರಿಸಿದಂತೆ ಕಾಣುತ್ತದೆ. ಮೊಟ್ಟೆ ಒಡೆದು, ಹುಳುವಾಗಿ, ದುಂಬಿಯಾಗಲು ನಾಲ್ಕು ತಿಂಗಳಿಗೂ ಹೆಚ್ಚು ಬೇಕು. ಹಾಗಾಗಿ ವರ್ಷಗಟ್ಟಲೆ ಕೆದಕದ ತಿಪ್ಪೆ ಅದಕ್ಕೆ ಹೇಳಿ ಮಾಡಿಸಿದ ಜಾಗ. ಮಗುಚುತ್ತಾ ಮೂರು ತಿಂಗಳಲ್ಲಿ ಖಾಲಿ ಮಾಡುವ ರಾಶಿಯಲ್ಲಿ ಅದು ದುಂಬಿಯಾಗುವಷ್ಟು ಸಮಯವೇ ಸಿಗಲ್ಲ.

ಮಗುಚುವಾಗ ಕಂದು ತಲೆಯ, ಬಾಗಿದ, ದಪ್ಪ ಬಿಳಿ ಹುಳು ಕಂಡರೆ ಆರಿಸಿ ಕೊಲ್ಲಿ. ಕೋಳಿ ಬಿಟ್ಟರೂ ಆಯ್ತು, ಅವೇ ಹೆಕ್ಕಿ ತಿನ್ನುತ್ತವೆ. ಹುಳು ಹೆಚ್ಚಿದ್ದರೆ ಅದನ್ನು ಕೊಲ್ಲುವ ಮೆಟಾರೈಜಿಯಂ ಶಿಲೀಂಧ್ರದ ಬಗ್ಗೆ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಎರೆಹುಳು ಕಂಡರೆ ಮುಟ್ಟಬೇಡಿ, ಅದು ಒಳ್ಳೇ ಲಕ್ಷಣ.

ಆಯ್ತು ಅಂತ ತಿಳಿಯೋದು ಹೇಗೆ?

ರಾಶಿ ಅರ್ಧಕ್ಕೆ ಇಳಿದು, ಕಾವು ಆರಿ, ಕಪ್ಪಗೆ ಪುಡಿಪುಡಿಯಾಗಿ, ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಬರಬೇಕು. ಅನುಮಾನ ಇದ್ದರೆ ಒಂದಷ್ಟು ಗೊಬ್ಬರದಲ್ಲಿ ಮೆಂತ್ಯ ಬಿತ್ತಿ ನೋಡಿ. ಚೆನ್ನಾಗಿ ಮೊಳೆತರೆ ಬಳಸಬಹುದು. ಅರೆಕೊಳೆತದ್ದನ್ನು ಬುಡಕ್ಕೆ ಹಾಕಿದರೆ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಎಳೆದುಕೊಂಡು ಗಿಡ ಹಳದಿಯಾಗುತ್ತದೆ.

ಕುಂಡಕ್ಕಾದರೆ ಮೂರು ಪಾಲು ಮಣ್ಣಿಗೆ ಒಂದು ಪಾಲು ಕಾಂಪೋಸ್ಟ್ ಸಾಕು. ಫಸಲು ಬಿಡುವ ಒಂದು ತೆಂಗಿನ ಮರಕ್ಕೆ ವರ್ಷಕ್ಕೆ 50 ಕೆ.ಜಿ. ಕೊಟ್ಟಿಗೆ ಗೊಬ್ಬರ ಅಥವಾ ಕಾಂಪೋಸ್ಟ್ ಕೊಡಬೇಕೆಂಬುದು ಶಿಫಾರಸು. ಯೂರಿಯಾದಲ್ಲಿ ಸಾರಜನಕ ಶೇ 46 ಇದ್ದರೆ ಕಾಂಪೋಸ್ಟ್‌ನಲ್ಲಿ ಶೇ 1ರ ಆಸುಪಾಸು ಅಷ್ಟೇ. ಆದರೆ ಮಣ್ಣು ಸಡಿಲವಾಗಿ ನೀರು ಹಿಡಿದಿಟ್ಟುಕೊಳ್ಳುವ ಗುಣ ಯೂರಿಯಾ ಚೀಲದಿಂದ ಬರೋದಿಲ್ಲ.